ತಪಸ್ ಡ್ರೋನ್: ಯಂತ್ರ ರೆಡಿಯಾದರೆ ಸಾಕಾ?

2023ರ ಜೂನ್ 16ರ ಬೆಳಗ್ಗೆ 7.35ಕ್ಕೆ ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದಿಂದ ತಪಸ್ ಡ್ರೋನ್ ಹಾರಿತು. ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ದೂರದ ಕಡಲಲ್ಲಿದ್ದ ಐಎನ್‌ಎಸ್ ಸುಭದ್ರಾ, ನೆಲದ ತಂಡದಿಂದ ನಿಯಂತ್ರಣ ಪಡೆದು 40 ನಿಮಿಷ ಅದನ್ನು ಹಾರಿಸಿತು. ಆಮೇಲೆ ಡ್ರೋನ್ ಚಳ್ಳಕೆರೆಗೇ ಬಂದಿಳಿಯಿತು.

ಸುದ್ದಿಯಾಗಿದ್ದು ಡ್ರೋನ್. ಗಮನಿಸಬೇಕಾದ್ದು ಆ ಹಸ್ತಾಂತರ. ಹಾರಿಸುವವರು, ಕ್ಯಾಮೆರಾ ಚಿತ್ರ ಓದುವವರು, ಆದೇಶ ಕೊಡುವವರು ಒಂದೇ ಕಡೆ ಇರಬೇಕಿಲ್ಲ. ನಡುವೆ ಲಿಂಕ್ ಕಡಿದರೆ ತೀರ್ಮಾನ ಯಾರದ್ದು? ಎರಡು ತಂಡಗಳ ಮಾಹಿತಿ ತಾಳೆಯಾಗದಿದ್ದರೆ ಯಾರ ಮಾತು ನಡೆಯುತ್ತೆ? ಇದನ್ನು ಯಂತ್ರ ಕಲಿಸಲ್ಲ. ಕಮಾಂಡ್ ತಂಡಗಳು ಒಟ್ಟಿಗೆ ಕೂತು, ಬೇಕಂತಲೇ ಲಿಂಕ್ ಕಡಿದು, ತಪ್ಪು ಮಾಹಿತಿ ತುಂಬಿ, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು.

ಮೂರೂ ಪಡೆಗಳು ಸೇರಿ ಕೆಲಸ ಮಾಡುವ ಸಂಸ್ಥೆಗಳ ಮುಖ್ಯಸ್ಥರಿಗೆ 2023ರ ಕಾಯ್ದೆ ಶಿಸ್ತಿನ ಅಧಿಕಾರ ಕೊಟ್ಟಿದೆ. ಆದರೆ ಅಧಿಕಾರ ಬೇರೆ, ಹೊಂದಾಣಿಕೆ ಬೇರೆ.

ಅದೇ ವರ್ಷ ಆಗಸ್ಟ್ 20ರಂದು ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಪರದೆ ಮುಂದೆ ತೆಗೆದುಕೊಳ್ಳುವ ಪ್ರತಿ ತೀರ್ಮಾನದ ಕೆಳಗೆ ಯಾರದ್ದೋ ಹೊಲ, ಮನೆ ಇರುತ್ತೆ. ಹಾಗಾಗಿ ಡ್ರೋನ್ ಎಷ್ಟು ಹೊತ್ತು ಹಾರಿತು ಅಂತ ಕೇಳೋದರ ಜೊತೆಗೆ, ಅದನ್ನು ನಡೆಸುವವರು ಎಷ್ಟು ಅಭ್ಯಾಸ ಮಾಡಿದ್ದಾರೆ ಅಂತಲೂ ಕೇಳೋಣ.