ಎಂ.ಬಿ.ಎ. ಸೀಟು ಸಿಗದಿದ್ದಾಗ: ಬೆಳೆಗಾರರ ಮನೆಗಳಿಗೆ ಕೆಲವು ಮಾತು

ಏಪ್ರಿಲ್ ತಿಂಗಳೆಂದರೆ ಬೆಳೆಗಾರ ಬಂಧುಗಳ ಕಣ್ಣು ಆಕಾಶದ ಮೇಲೆ. ಹೂಮಳೆ ಬಂತೇ, ಅದರ ಹಿಂದೆಯೇ ಇನ್ನೊಂದು ಮಳೆ ಬರುವುದೇ ಎಂಬ ಚಿಂತೆ. ಈಚಿನ ವರ್ಷಗಳಲ್ಲಿ ಕೆಲವು ಮನೆಗಳಲ್ಲಿ ಇನ್ನೊಂದು ಕಾಯುವಿಕೆಯೂ ಇದರ ಜೊತೆಗೆ ಸೇರಿಕೊಂಡಿದೆ. ಮಗನೋ ಮಗಳೋ ಎಂ.ಬಿ.ಎ. ಓದಲು ಅರ್ಜಿ ಹಾಕಿರುತ್ತಾರೆ, ಐ.ಐ.ಎಂ.ಗಳ ಅಂತಿಮ ಆಯ್ಕೆ ತಿಳಿಯುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಹೆಸರು ಬಾರದಿದ್ದರೆ ಮನೆಯಲ್ಲಿ ಮೌನ ಕವಿಯುತ್ತದೆ. ನೆಂಟರಿಷ್ಟರಿಗೆ ಏನು ಹೇಳುವುದೆಂಬ ಸಂಕೋಚ ಹಿರಿಯರಿಗೆ. ಮನೆಯವರ ಮುಖ ನೋಡುವುದು ಹೇಗೆಂಬ ಸಂಕಟ ಮಕ್ಕಳಿಗೆ. ಇದು ನಮ್ಮ ಸಂಘದ ಪತ್ರಿಕೆಗೆ ಸಂಬಂಧವಿಲ್ಲದ ವಿಷಯವೆಂದು ತಿಳಿಯಬಾರದು. ಇಂಥ ದಿನಗಳಲ್ಲಿ ಅವಸರದಿಂದ ಕೈಗೊಂಡ ತೀರ್ಮಾನದ ಭಾರ ಕೊನೆಗೆ ತೋಟದ ಪಹಣಿಯ ಮೇಲೆಯೇ ಬೀಳುವುದುಂಟು.

ಮೊದಲು ಲೆಕ್ಕ ನೋಡೋಣ

ಐ.ಐ.ಎಂ.ಗಳ ಪ್ರವೇಶಕ್ಕೆ ನಡೆಯುವ ಪರೀಕ್ಷೆ ಕ್ಯಾಟ್. 2024ರ ನವೆಂಬರಿನಲ್ಲಿ ಇದನ್ನು ಬರೆದವರು ಸುಮಾರು 2.93 ಲಕ್ಷ ಮಂದಿ. ಇದರ ಫಲಿತಾಂಶವನ್ನು ಪರ್ಸೆಂಟೈಲ್ ಎಂಬ ಅಳತೆಯಲ್ಲಿ ಕೊಡುತ್ತಾರೆ. 99 ಪರ್ಸೆಂಟೈಲ್ ಎಂದರೆ ನೂರಕ್ಕೆ 99 ಅಂಕವಲ್ಲ. ಬರೆದ ನೂರು ಮಂದಿಯಲ್ಲಿ 99 ಮಂದಿಗಿಂತ ಮುಂದಿದ್ದಾರೆ ಎಂದರ್ಥ. ಅಷ್ಟು ಮುಂದಿರುವವರೇ 2,900ಕ್ಕೂ ಹೆಚ್ಚು. 1961ರಲ್ಲಿ ಆರಂಭವಾದ ಕಲ್ಕತ್ತಾ ಮತ್ತು ಅಹಮದಾಬಾದ್ ಸಂಸ್ಥೆಗಳಾಗಲಿ, 1973ರ ಬೆಂಗಳೂರು ಸಂಸ್ಥೆಯಾಗಲಿ ತಮ್ಮ ಮುಖ್ಯ ತರಗತಿಗೆ ಸೇರಿಸಿಕೊಳ್ಳುವುದು ಕೆಲವೇ ನೂರು ಮಂದಿಯನ್ನು. ಸಾಲದ್ದಕ್ಕೆ ಹತ್ತನೆಯ ತರಗತಿಯಿಂದ ಪದವಿಯವರೆಗಿನ ಅಂಕ, ಕೆಲಸದ ಅನುಭವ, ಸಂದರ್ಶನ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಕ್ಯಾಟ್‌ನಲ್ಲಿ ಬಹಳ ಚೆನ್ನಾಗಿ ಮಾಡಿದವರಿಗೂ ಸೀಟು ತಪ್ಪುವುದು ಅಪರೂಪವೇನಲ್ಲ.

ಈ ಮಾತು ನಮಗೆ ಬೇಗ ಅರ್ಥವಾಗಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿಯುವುದು ಗಾತ್ರಕ್ಕೆ. ದೊಡ್ಡ ಕಣ್ಣಿನ ಜರಡಿಯಲ್ಲಿ ನಿಂತದ್ದು ಎ.ಎ.; ಕೆಳಗೆ ಇಳಿದದ್ದು ಎ, ಬಿ ಎಂದು ಬೇರೆಯಾಗುತ್ತದೆ. ಹಣ್ಣಿನೊಳಗೆ ಒಂಟಿಯಾಗಿ ದುಂಡಗೆ ಬೆಳೆದ ಬೀಜಕ್ಕೆ ಪಿ.ಬಿ. ಎಂಬ ಪ್ರತ್ಯೇಕ ದರ್ಜೆಯೇ ಇದೆ. ಕೆಳಗಿಳಿದ ಬೀಜವನ್ನು ಯಾರೂ ಗೊಬ್ಬರದ ಗುಂಡಿಗೆ ಎಸೆಯುವುದಿಲ್ಲ. ಜರಡಿ ಹೇಳುವುದು ಅಳತೆಯನ್ನು ಮಾತ್ರ.

ಮನೆಯ ಹಿರಿಯರ ಹೊಣೆ

ಮೊದಲ ಎರಡು ವಾರ ಯಾವ ತೀರ್ಮಾನವೂ ಬೇಡ. ಪಕ್ಕದ ಮನೆಯ ಹುಡುಗನ ಮಾತು, ಕೋಚಿಂಗಿಗೆ ಖರ್ಚಾದ ಹಣದ ಮಾತು ಎರಡನ್ನೂ ಎತ್ತಬೇಡಿ. 'ಆದದ್ದಾಯಿತು, ತೋಟ ನೋಡಿಕೊಂಡು ಇರು' ಎಂದು ಸಮಾಧಾನ ಹೇಳುವವರಿದ್ದಾರೆ. ಆ ಹೊತ್ತಿನಲ್ಲಿ ಅದು ಸಮಾಧಾನವಾಗಿ ಕೇಳಿಸುವುದಿಲ್ಲ, ಶಿಕ್ಷೆಯಾಗಿ ಕೇಳಿಸುತ್ತದೆ. ತೋಟದ ಬಗೆಗೂ ಬೇಸರ ಹುಟ್ಟಿಸುತ್ತದೆ. ತೋಟಕ್ಕೆ ಬರುವವರು ಮನಸ್ಸಿಟ್ಟು ಬರಲಿ. ಎರಡು ವಾರ ಕಳೆದರೂ ಊಟ, ನಿದ್ರೆ ಸರಿಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರಂತೂ ಒಂದು ದಿನವೂ ಕಾಯಕೂಡದು. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲಿ ತಪ್ಪಿತು?

ಮನಸ್ಸು ಸ್ವಲ್ಪ ತಿಳಿಯಾದ ಮೇಲೆ ವಿದ್ಯಾರ್ಥಿ ತಾನೇ ಒಂದು ಕಾಗದ ಹಿಡಿದು ಕೂರಬೇಕು. ಸಂದರ್ಶನಕ್ಕೆ ಕರೆಯೇ ಬರಲಿಲ್ಲವೇ? ಹಾಗಾದರೆ ಪರೀಕ್ಷೆಯ ಯಾವ ಭಾಗ ಕೈಕೊಟ್ಟಿತು, ಭಾಷೆಯೋ, ತರ್ಕವೋ, ಗಣಿತವೋ ಎಂದು ನೋಡಬೇಕು. ಹಳೆಯ ತರಗತಿಗಳ ಅಂಕವೇ ಕಡಿಮೆಯಿದ್ದರೆ ಅದನ್ನು ತಿದ್ದಲಾಗದು. ಅದಕ್ಕೆ ಕಡಿಮೆ ತೂಕ ಕೊಡುವ ಸಂಸ್ಥೆಗಳನ್ನು ಹುಡುಕುವುದೇ ಜಾಣತನ. ಸಂದರ್ಶನದವರೆಗೆ ಹೋಗಿ ತಪ್ಪಿದ್ದರೆ ಮಾತಿನ ಅಭ್ಯಾಸ ಬೇಕು. ಕಾಯುವ ಪಟ್ಟಿಯಲ್ಲಿ ಹೆಸರಿದ್ದರೆ ಅದಿನ್ನೂ ತಿರಸ್ಕಾರವೇ ಅಲ್ಲ. ಮುಂದಿನವರು ಬೇರೆಡೆ ಸೇರಿದಂತೆ ಪಟ್ಟಿ ಮೇಲೇರುತ್ತದೆ.

ಮುಂದಿರುವ ದಾರಿಗಳು

ಒಂದು, ಮತ್ತೆ ಬರೆಯುವುದು. ಕ್ಯಾಟ್‌ಗೆ ಇಷ್ಟೇ ಸಲವೆಂಬ ಮಿತಿಯಿಲ್ಲ. ಆದರೆ ಪರೀಕ್ಷೆ ಬರುವುದು ನವೆಂಬರ್ ಕೊನೆಗೆ, ಅಂದರೆ ಅರೇಬಿಕಾ ಕುಯ್ಲಿನ ಹೊತ್ತಿಗೆ. ಆಳುಗಳ ಅಭಾವ ಎಷ್ಟೇ ಇರಲಿ, ಆ ಎರಡು ತಿಂಗಳು ಓದುವವರನ್ನು ತೋಟದ ಮತ್ತು ಕಣದ ಕೆಲಸಕ್ಕೆ ಕರೆಯದಿರುವುದು ಮನೆಯವರು ಮಾಡಬಹುದಾದ ದೊಡ್ಡ ಸಹಾಯ.

ಎರಡು, ಬೇರೆ ಸಂಸ್ಥೆ ಸೇರುವುದು. ನಮ್ಮ ಕಸುಬಿಗೇ ಹತ್ತಿರವಾದ ಸಂಸ್ಥೆಗಳನ್ನು ನಾವೇ ಮರೆಯುತ್ತೇವೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಭಾರತೀಯ ಪ್ಲಾಂಟೇಶನ್ ನಿರ್ವಹಣಾ ಸಂಸ್ಥೆ ಇದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯಲ್ಲಿ ಕೃಷಿ ವ್ಯವಹಾರದ ತರಗತಿಯಿದೆ. 1979ರಲ್ಲಿ ಕುರಿಯನ್ ಅವರು ಗುಜರಾತಿನ ಆನಂದ್‌ನಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆ 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯಕ್ಕೆ ಸೇರಿತು. ರಾಜ್ಯದೊಳಗಿನ ಕಾಲೇಜುಗಳಿಗೆ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಇದ್ದೇ ಇದೆ.

ಮೂರು, ಎರಡು ವರ್ಷ ಕೆಲಸ ಮಾಡುವುದು. ಬ್ಯಾಂಕೋ, ಕಾಫಿ ವ್ಯಾಪಾರವೋ, ಸಹಕಾರ ಸಂಘವೋ, ಲೆಕ್ಕಪತ್ರ ಕಲಿಯುವಂಥದ್ದು ಯಾವುದಾದರೂ ಸರಿ. ಆಮೇಲೆ ಅರ್ಜಿ ಹಾಕಿದರೆ ಸಂದರ್ಶನದಲ್ಲಿ ಹೇಳಿಕೊಳ್ಳಲು ಸ್ವಂತದ ಮಾತಿರುತ್ತದೆ.

ತೋಟದ ಮೇಲೆ ಕೈ ಇಡುವ ಮುನ್ನ

ಪಟ್ಟಿ ಪ್ರಕಟವಾದ ಬೆನ್ನಿಗೇ ದಲ್ಲಾಳಿಗಳ ಫೋನು ಬರುತ್ತದೆ. 'ಇಷ್ಟು ಲಕ್ಷ ಕಟ್ಟಿ, ಸೀಟು ಖಂಡಿತ, ನಾಳೆಯೇ ಕಡೆಯ ದಿನ' ಎಂಬ ಮಾತಿಗೆ ಮನನೊಂದ ತಂದೆತಾಯಿ ಬೇಗ ಸೋಲುತ್ತಾರೆ. ಒಂದು ಸೀಟಿನ ಮಾನಕ್ಕಾಗಿ ಎರಡು ಎಕರೆ ಅಡಿಕೆ ತೋಟ ಅಡವಿಡುವುದು ಯಾವ ನಿರ್ವಹಣಾ ಶಾಸ್ತ್ರವೂ ಒಪ್ಪದ ವ್ಯವಹಾರ. ಆ ಕಾಲೇಜಿಗೆ ಎ.ಐ.ಸಿ.ಟಿ.ಇ. ಮಾನ್ಯತೆ ಇದೆಯೇ, ಇಲ್ಲವೇ ಯು.ಜಿ.ಸಿ. ಅಂಗೀಕರಿಸಿದ ವಿಶ್ವವಿದ್ಯಾಲಯದ್ದೇ ಎಂದು ನೋಡಿ. ಕಳೆದ ವರ್ಷ ಓದಿ ಹೊರಬಂದವರನ್ನೇ ಕಂಡು ಕೆಲಸದ ವಿಚಾರ ಕೇಳಿ. ನಗದು ಕೊಡಬೇಡಿ, ಕಾಲೇಜಿನ ಹೆಸರಿನ ರಸೀದಿಯಿಲ್ಲದೆ ಏನನ್ನೂ ಕಟ್ಟಬೇಡಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಪಡೆಯಕೂಡದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಅರ್ಹತೆಯಿಂದ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ಕೊಡುವ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ 2024ರಲ್ಲಿ ಒಪ್ಪಿಗೆಯಾಗಿದೆ.

ಅಮೆರಿಕದ ವಾರನ್ ಬಫೆಟ್ ಅವರನ್ನು 1950ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸೇರಿಸಿಕೊಳ್ಳಲಿಲ್ಲ. ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಬೆಂಜಮಿನ್ ಗ್ರಹಾಂ ಎಂಬ ಗುರುವಿನ ಬಳಿ ಕಲಿತು 1951ರಲ್ಲಿ ಪದವಿ ಪಡೆದರು. ಮುಂದೆ ಜಗತ್ತಿನ ದೊಡ್ಡ ಹೂಡಿಕೆದಾರರೆನಿಸಿದರು. ಸೀಟು ತಪ್ಪಿದವರೆಲ್ಲ ಬಫೆಟ್ ಆಗುತ್ತಾರೆಂದು ನಾವು ಹೇಳುವುದಿಲ್ಲ. ಸಂಸ್ಥೆಯ ಹೆಸರಿನ ಹಿಂದೆ ಹೋಗದೆ, ಕಲಿಯಬೇಕಾದದ್ದನ್ನು ಯಾರು ಕಲಿಸುತ್ತಾರೆಂದು ನೋಡಿ ಹೆಜ್ಜೆ ಇಟ್ಟರಲ್ಲ, ಆ ವಿವೇಕ ಮಾತ್ರ ನಮ್ಮ ಮಕ್ಕಳಿಗೂ ಸಾಧ್ಯವಾದದ್ದು.

ಹೂಮಳೆ ಕೈಕೊಟ್ಟ ವರ್ಷ ನಾವು ಗಿಡ ಕಡಿಯುವುದಿಲ್ಲ. ನೆರಳು ಸರಿಮಾಡಿ, ಗೊಬ್ಬರ ಕೊಟ್ಟು, ಚಿಗುರು ತೆಗೆದು, ಬರುವ ವರ್ಷಕ್ಕೆ ಅಣಿಗೊಳಿಸುತ್ತೇವೆ. ಗಿಡಕ್ಕೆ ತೋರಿಸುವ ಆ ತಾಳ್ಮೆ ಮನೆಯ ಮಕ್ಕಳಿಗೂ ದೊರೆಯಲಿ ಎಂಬುದೇ ನಮ್ಮ ಆಶಯ.