ಏಣಿಯ ತುದಿಯಲ್ಲೊಂದು ಹಿಡಿಕೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಲಾರಿಯೊಂದರ ಮೇಲೆ ಹಮಾಲರೊಬ್ಬರು ಹತ್ತುವುದನ್ನು ನೋಡುತ್ತ ನಿಂತಿದ್ದೆ. ಒಂದು ಕಾಲು ಟೈರಿನ ಮೇಲೆ, ಇನ್ನೊಂದು ಹಗ್ಗ ಬಿಗಿಯುವ ಕೊಕ್ಕೆಯ ಮೇಲೆ. ಅಲ್ಲಿಂದಾಚೆ ಹಗ್ಗವೇ ಗತಿ. ಹತ್ತಿದ್ದು ಸಲೀಸಾಗಿತ್ತು. ಇಳಿಯುವಾಗ ಮಾತ್ರ ಅಂಚಿನಲ್ಲಿ ಬೋರಲಾಗಿ, ಕಾಣದ ಕೊಕ್ಕೆಗಾಗಿ ಕಾಲು ತಡಕಾಡಿತು. ಕೆಳಗಿದ್ದವರ ಮಾತು ನಿಂತಿತು.

ಅಂಥದೇ ಅಂಚಿನ ಬಗ್ಗೆ ಅಮೆರಿಕದಲ್ಲಿ 1910ರಲ್ಲೇ ಒಂದು ಕಾನೂನು ಬಂದಿತ್ತು. ಅಲ್ಲಿನ ಗೂಡ್ಸ್ ರೈಲುಗಳ ಬ್ರೇಕ್‌ಮನ್‌ಗಳು ಡಬ್ಬಿಗಳ ನೆತ್ತಿಯ ಮೇಲೆ ದುಡಿಯುತ್ತಿದ್ದರು. ಎಂಜಿನ್ ಸೀಟಿ ಹಾಕಿದರೆ ಸಾಕು, ಚಾವಣಿಯುದ್ದಕ್ಕೂ ಹಾಸಿದ ಹಲಗೆಯ ಮೇಲೆ ಓಡಿ, ಡಬ್ಬಿಯಿಂದ ಡಬ್ಬಿಗೆ ಹಾರಿ, ಒಂದೊಂದರ ಬ್ರೇಕ್ ಚಕ್ರವನ್ನೂ ಕೈಯಾರೆ ತಿರುಗಿಸಬೇಕು. ಚಳಿಗಾಲದಲ್ಲಿ ಹಲಗೆಯ ಮೇಲೆ ಮಂಜುಗಡ್ಡೆ. ತಗ್ಗಿನ ಸೇತುವೆ ಬರುವ ಮುನ್ನ ಹಳಿಯ ಮೇಲೆ ಹಗ್ಗದ ತುಂಡುಗಳನ್ನು ಇಳಿಬಿಟ್ಟಿರುತ್ತಿದ್ದರು. ಅವು ಮೈಗೆ ಬಡಿದರೆ ಕತ್ತಲಲ್ಲೂ ತಲೆ ತಗ್ಗಿಸಬೇಕೆಂದು ಅರ್ಥ. ಜಾರ್ಜ್ ವೆಸ್ಟಿಂಗ್‌ಹೌಸ್ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದದ್ದು 1869ರಲ್ಲಿ. ಅದು ಗೂಡ್ಸ್ ರೈಲುಗಳಿಗೆ ಬರಲು ದಶಕಗಳೇ ಹಿಡಿದವು. ಬಿದ್ದವನು ಕೋರ್ಟಿಗೆ ಹೋದರೆ, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದೆಯಲ್ಲ ಎಂಬ ಉತ್ತರ ಕಾದಿರುತ್ತಿತ್ತು.

ಅಯೋವಾದ ರೈತ ಲೊರೆಂಜೊ ಕಾಫಿನ್ 1874ರಲ್ಲಿ, ಡಬ್ಬಿಗಳನ್ನು ಜೋಡಿಸಲು ಹೋದ ಬ್ರೇಕ್‌ಮನ್ ಒಬ್ಬ ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡ. ಅಂದಿನಿಂದ ಪತ್ರ ಬರೆದ, ಭಾಷಣ ಮಾಡಿದ, ವರ್ಷಗಟ್ಟಲೆ ಬೆನ್ನುಬಿಡದೆ ಅಲೆದ. 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸುರಕ್ಷಾ ಸಾಧನಗಳ ಕಾಯ್ದೆಗೆ ಸಹಿ ಹಾಕಿದರು. ಗಾಳಿ ಬ್ರೇಕು, ತಾನಾಗಿ ಕೂಡಿಕೊಳ್ಳುವ ಕೊಂಡಿ, ಡಬ್ಬಿಯ ತುದಿಗಳಲ್ಲೂ ಪಕ್ಕಗಳಲ್ಲೂ ಭದ್ರವಾದ ಹಿಡಿಕೆ ಕಡ್ಡಾಯವಾದವು. ನನ್ನ ಮಟ್ಟಿಗೆ ಅದರ ಎಂಟನೆಯ ಕಲಮೇ ದೊಡ್ಡದು: ಕಾಯ್ದೆ ಮೀರಿದ ಡಬ್ಬಿಯಿಂದ ಗಾಯಗೊಂಡವನು ಅಪಾಯವನ್ನು ತಾನೇ ಒಪ್ಪಿಕೊಂಡಿದ್ದ ಎಂದು ಇನ್ನು ಮುಂದೆ ವಾದಿಸುವಂತಿರಲಿಲ್ಲ.

ಆದರೆ ಹಿಡಿಕೆ ಎಷ್ಟು ದಪ್ಪ, ಎಲ್ಲಿರಬೇಕು ಎಂದು ಆ ಕಾಯ್ದೆ ಹೇಳಿರಲಿಲ್ಲ. ಕತ್ತಲಲ್ಲಿ ಕೈಚಾಚುವವನಿಗೆ ಸರಳು ಪ್ರತಿ ಡಬ್ಬಿಯಲ್ಲೂ ಒಂದೇ ಕಡೆ ಸಿಗಬೇಕು. 1910ರ ಕಾನೂನು, ಅದರ ಬೆನ್ನಿಗೇ 1911ರ ಮಾರ್ಚ್ 13ರ ಆದೇಶ ಇದನ್ನೆಲ್ಲ ಅಳತೆ ಹಾಕಿ ಹೇಳಿದವು. ಸರಳಿನ ದಪ್ಪ ಕನಿಷ್ಠ ಇಂಚಿನ ಎಂಟನೇ ಐದು ಭಾಗ. ಉದ್ದ ಸಾಮಾನ್ಯವಾಗಿ 16 ಇಂಚು. ಸರಳಿನ ಹಿಂದೆ 2 ಇಂಚು ಖಾಲಿ ಜಾಗ, ಸಾಧ್ಯವಾದರೆ ಎರಡೂವರೆ. ಕೈಗವಸು ತೊಟ್ಟ ಬೆರಳುಗಳು ಸರಳನ್ನು ಸುತ್ತಿ ಹಿಡಿಯಬೇಕಲ್ಲ. ಏಣಿ ಇರುವ ಡಬ್ಬಿಗೆ ಚಾವಣಿಯ ಮೇಲೆ, ಏಣಿ ಮುಗಿಯುವಲ್ಲೇ, ಇನ್ನೊಂದು ಹಿಡಿಕೆ ಇರಲೇಬೇಕೆಂದೂ ವಿಧಿಸಲಾಯಿತು. ಏಣಿ ಬಿಟ್ಟು ಚಾವಣಿಗೆ ಕಾಲಿಡುವ, ಚಾವಣಿ ಬಿಟ್ಟು ಏಣಿಗೆ ಇಳಿಯುವ ಆ ಗಳಿಗೆಯಲ್ಲೇ ಆಯ ತಪ್ಪುವುದು. ಅದು ಹತ್ತಿದವರಿಗೆ ಗೊತ್ತು. ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಊರಿರಲಿ ಎಂದು ಇಂದು ಟ್ಯಾಂಕರ್ ಚಾಲಕರಿಗೆ, ಕ್ರೇನ್ ನಡೆಸುವವರಿಗೆ ಹೇಳಿಕೊಡುತ್ತಾರೆ. ಹಿಡಿಯಲು ಏನಾದರೂ ಇದ್ದರಲ್ಲವೇ ಕೈ ಊರುವುದು?

1966ರ ಹೊತ್ತಿಗೆ ಅಲ್ಲಿ ಹೊಸ ಡಬ್ಬಿಗಳ ನೆತ್ತಿಯ ಹಲಗೆಯನ್ನೇ ಕೈಬಿಟ್ಟರು. ಮೇಲೆ ಹತ್ತುವ ಕೆಲಸವೇ ಉಳಿದಿರಲಿಲ್ಲ. ಏಣಿಗಳೂ ಗಿಡ್ಡವಾದವು.

ಬ್ಯಾಡಗಿಯಲ್ಲಿ ಕೊನೆಗೆ ಕಾಲಿಗೆ ಕೊಕ್ಕೆ ಸಿಕ್ಕಿತು. ಅಷ್ಟು ಹೊತ್ತೂ ಅವರ ಕೈಯಲ್ಲಿದ್ದದ್ದು ಒಂದು ಚೀಲದ ಕಿವಿ.