ಸ್ಪರ್ಶ ತಿಳಿಯದ ಬೆರಳು

ಸುಡುವ ಹಂಚಿನ ಮೇಲಣ ಜೋಳದ ರೊಟ್ಟಿಯನ್ನು ಬರಿಗೈಯಿಂದ ತಿರುವುವ ಗೃಹಿಣಿಯರು ಯಾದಗಿರಿ, ಶಹಾಪುರ, ಸುರಪುರಗಳ ಮನೆಮನೆಯಲ್ಲಿಯೂ ಉಂಟು. ಆದರೆ ಬೆರಳು ಬೊಬ್ಬೆಯೆದ್ದರೂ ಬಿಸಿ ತಿಳಿಯದಿದ್ದರೆ, ಅದನ್ನು ಕೈ ಪಳಗಿದ ಲಕ್ಷಣವೆಂದು ಬಗೆಯಲಾಗದು. ಸಕ್ಕರೆ ರೋಗದಿಂದಲೂ ಸ್ಪರ್ಶ ಕುಂದುವುದುಂಟು. ಆದರೂ ಕುಷ್ಠವನ್ನು ಶಂಕಿಸದೆ ಬಿಡಬಾರದು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡ ಅದರ ಸೂಕ್ಷ್ಮಾಣು ಚರ್ಮದೊಡನೆ ನರವನ್ನೂ ಹಿಡಿಯುವುದು.

ವೈದ್ಯರು ಮಚ್ಚೆಗೆ ಹತ್ತಿಯೆಳೆ ಸೋಕಿಸಿ, ಮೊಣಕೈಯ ಹಿಂಬದಿಯ ನರ ದಪ್ಪವಾಗಿದೆಯೇ ಎಂದು ತಡವಿ ನೋಡುವರು. ಮಚ್ಚೆ ಐದನ್ನು ಮೀರದಿದ್ದರೆ ಸಾಮಾನ್ಯವಾಗಿ 6 ತಿಂಗಳು, ಮೀರಿದರೆ 12 ತಿಂಗಳು ಔಷಧ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ.

ಇಲ್ಲೊಂದು ಸೂಕ್ಷ್ಮವುಂಟು. ಔಷಧ ನಡೆದಿರುವಾಗಲೇ, ಮುಗಿದ ಮೇಲೆಯೂ, ನರ ಒಮ್ಮೆಗೇ ಊದಿ ನೋಯಬಹುದು. ಅದು ಗುಳಿಗೆಯ ದೋಷವಲ್ಲ, ಸೂಕ್ಷ್ಮಾಣುವಿನ ಮೇಲೆ ದೇಹ ಹೂಡಿದ ಕದನ. ಗುಳಿಗೆಯನ್ನು ಬಿಟ್ಟು ಎಣ್ಣೆ ತಿಕ್ಕಿಸುತ್ತ ಕುಳಿತವರ ಬೆರಳುಗಳೇ ಮಡಿಚಿಕೊಳ್ಳುವುವು. ವೈದ್ಯರ ಕಣ್ಗಾವಲಿನಲ್ಲಿ ಪ್ರೆಡ್ನಿಸೊಲೋನ್ ಸಕಾಲಕ್ಕೆ ದೊರೆತರೆ, ಅಂದರೆ ಶಕ್ತಿಗುಂದಿದ 6 ತಿಂಗಳೊಳಗೆ, ಕೈ ಬಹುಪಾಲು ಚೇತರಿಸಬಹುದು. ಮಗಳ ಲಗ್ನವಾಗುವವರೆಗೆ ಮಚ್ಚೆಯನ್ನು ಬಚ್ಚಿಡುವ ಹಿರಿಯರು ಈ ಅವಧಿಯನ್ನೇ ಕಳೆದುಬಿಡುತ್ತಾರೆಂಬುದು ನಮ್ಮ ವ್ಯಥೆ.

ಚಿಕಿತ್ಸೆ ತೊಡಗಿದ ಮೇಲೆ ಸೋಂಕು ಬೇಗನೆ ಅಡಗುವುದರಿಂದ ತಟ್ಟೆ, ಹಾಸಿಗೆಗಳನ್ನು ಬೇರ್ಪಡಿಸಬೇಕಿಲ್ಲ. ಮನೆಯವರೆಲ್ಲರನ್ನೂ ಪರೀಕ್ಷಿಸಿ, ರೋಗವಿಲ್ಲದವರಿಗೂ ಒಂದು ಸಾರಿ ರಿಫಾಂಪಿಸಿನ್ ಕೊಡುವ ಕ್ರಮವಿದೆ.